ಮಣ್ಣಿಗೆ ಹೋದವರು

ಯಳಂದೂರು
೨೧ ಜುಲೈ ೨೦೨೪

ಚಿ. ಶೃತಿಗೆ ಆಶೀರ್ವಾದಗಳು.

ಈ ತಿಂಗಳ ಹದಿನೈದನೇ ತಾರೀಕು ಬೆಳಿಗ್ಗೆ ನಿಮ್ಮ ರೇಷ್ಮೆ ನೂಲಿನ ಕಾರ್ಖಾನೆಯವರು ಗೇಟಿಗೆ ನೋಟಿಸು ಅಂಟಿಸಿ ಮೂವತ್ತೆಂಟು ಹೆಂಗಸರನ್ನು ಕೆಲಸದಿಂದ ತೆಗೆದುಹಾಕಿದ್ದಾರೆ. ಅವರು ಮಾಡಿದ ಅಪರಾಧವೆಂದರೆ, ಒಂಬತ್ತನೇ ತಾರೀಕು ಮಧ್ಯಾಹ್ನ ತಮ್ಮ ಪಕ್ಕದಲ್ಲೇ ಕೂತು ನೂಲು ಬಿಚ್ಚುತ್ತಿದ್ದ ದೊಡ್ಡಬಸಮ್ಮನ ಮಣ್ಣಿಗೆ ಹೋದದ್ದು. ನೋಟಿಸಿನಲ್ಲಿ ಅದಕ್ಕೆ ಕಾನೂನುಬಾಹಿರ ಮುಷ್ಕರ ಎಂದು ಹೆಸರಿಟ್ಟಿದ್ದಾರೆ.

ನನಗೆ ಇದು ತಿಳಿದದ್ದು ಪೇಪರಿನಿಂದಲ್ಲ. ಅವರಲ್ಲೊಬ್ಬಳಾದ ಮಾಂಬಳ್ಳಿಯ ರಾಮಮ್ಮ ನೋಟಿಸಿನ ಫೋಟೋ ತೆಗೆದುಕೊಂಡು ಬಂದು, "ಸಾ, ಇದ್ರಲ್ಲಿ ಏನ್ ಬರ್ದವ್ರೆ ಓದಿ ಏಳಿ" ಎಂದು ನಮ್ಮ ಜಗಲಿಯಲ್ಲಿ ಕೂತಳು. ಒಂಬತ್ತನೇ ಕ್ಲಾಸಿನವರೆಗೆ ನನ್ನ ಹತ್ತಿರವೇ ಓದಿದವಳು. ಅವಳಿಗೆ ಓದಲು ಬರುತ್ತದೆ. ತಾನು ಓದಿದ್ದು ನಿಜವೇ ಎಂದು ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು, ಅಷ್ಟೆ.

ನಿನಗೆ ಫೋನು ಮಾಡಬಹುದಿತ್ತು. ಮಾಡಿದರೆ ನಾನು ಕೂಗುತ್ತೇನೆ, ನೀನು ಅಳುತ್ತೀಯ, ನಿಮ್ಮಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ಅಳಿಯ ಪರಮೇಶನ ಸೊಂಟ ಹೇಗಿದೆ ಎಂದು ಕೇಳುತ್ತಾಳೆ. ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದದಲ್ಲಾದರೆ ಕೊನೆಯವರೆಗೂ ಹೇಳಬಹುದು.

ಬಾಯ್ಲರಿನ ಶಿವಯ್ಯ ಸತ್ತಾಗ ನೀನಿನ್ನೂ ಹೈಸ್ಕೂಲಿನಲ್ಲಿದ್ದೆ. ಬೇಯಿಸಿದ್ದ ರೇಷ್ಮೆ ಗೂಡನ್ನೆಲ್ಲ ಬಿಚ್ಚಿ ಮುಗಿಸಿ, ಒಲೆ ಆರಿಸಿ, ಕಾರ್ಖಾನೆಯವರೆಲ್ಲ ಗದ್ದೆ ಬದುವಿನ ಮೇಲೆ ಸಾಲಾಗಿ ನಡೆದು ಬಂದರು. ದೊಡ್ಡ ಯಜಮಾನರು ಕಾರನ್ನು ಊರ ಹೊರಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು ಬಂದು ಒಂದು ಹಿಡಿ ಮಣ್ಣು ಹಾಕಿದರು. ನಾನು ಅವರ ಹಿಂದೆಯೇ ನಿಂತಿದ್ದೆ. ತಪ್ಪಿದ ಅರ್ಧ ದಿನವನ್ನು ಎಲ್ಲರೂ ಮುಂದಿನ ಭಾನುವಾರ ತುಂಬಿಕೊಟ್ಟರು. ಆಮೇಲೆ ಯಾರು ಸತ್ತರೂ ಹಾಗೆಯೇ ನಡೆದು ಬಂತು. ಎಲ್ಲಿಯೂ ಬರೆದಿಡಲಿಲ್ಲ. ಬರೆದಿಡಬೇಕಾದ ವಿಷಯ ಎಂದು ಯಾರಿಗೂ ಅನ್ನಿಸಲಿಲ್ಲ. ಈಗ ಯಜಮಾನರಿಲ್ಲ, ಕಾರ್ಖಾನೆಯನ್ನು ಹೊರಗಿನವರು ಕೊಂಡಿದ್ದಾರೆ. ಸಾಯುವವರು ಮಾತ್ರ ನಮ್ಮ ಕಡೆಯವರೇ ಆಗಿದ್ದಾರೆ.

ಟೈಮ್ ಆಫೀಸಿನಲ್ಲಿ ಕೂತು ಹಾಜರಿ ನೋಡುವವಳು ನೀನು. ಆ ಹೆಂಗಸರು ಅವತ್ತು ಹೇಳದೆ ಹೋದರೋ, ಹೇಳಿ ಹೋದರೋ? ರಾಮಮ್ಮನನ್ನು ಕೇಳಿದರೆ "ಅದೆಲ್ಲ ಬುಡಿ ಸಾ" ಅನ್ನುತ್ತಾಳೆ. ಪೇಪರಿಗೆ ಬರೆಯುವ ಮೊದಲು ನಿನ್ನಿಂದ ತಿಳಿಯಬೇಕು.

ಇಂತಿ,
ಮಲ್ಲಿಕಾರ್ಜುನಸ್ವಾಮಿ


ಕೊಳ್ಳೇಗಾಲ
೨೯ ಜುಲೈ ೨೦೨೪

ತೀರ್ಥರೂಪ ಅಪ್ಪಾಜಿಯವರಿಗೆ ನಮಸ್ಕಾರಗಳು.

ಅವರು ಹೇಳಿಯೇ ಹೋದರು. ನನಗೇ ಹೇಳಿದರು.

ಅವತ್ತು ಬೆಳಿಗ್ಗೆ ರಾಮಮ್ಮ ಒದ್ದೆ ಕೈಯಲ್ಲೇ ಟೈಮ್ ಆಫೀಸಿನ ಕಿಟಕಿಗೆ ಬಂದಳು. "ಬಸಮ್ಮ ಓಗ್ಬುಟ್ಲು ಕಣವ್ವ. ಮೂರ್ ಗಂಟ್ಗೆ ಮಣ್ಣು. ಬೇಯ್ಸಿರೋದ್ನ ಬಿಚ್ಬುಟ್ಟು ಓಯ್ತೀವಿ" ಅಂದಳು. ನಾನು "ಹೋಗಿ ಬನ್ನಿ, ಭಾನುವಾರ ತುಂಬಿಕೊಡಿ" ಅಂದೆ. ಅವಳು ಅಪ್ಪಣೆ ಕೇಳುತ್ತಿದ್ದೇನೆ ಅಂದುಕೊಳ್ಳಲಿಲ್ಲ, ನಾನು ಅಪ್ಪಣೆ ಕೊಡುತ್ತಿದ್ದೇನೆ ಅಂದುಕೊಳ್ಳಲಿಲ್ಲ. ಮ್ಯಾನೇಜರ್ ಬೆಂಗಳೂರಿಗೆ ಹೋಗಿದ್ದರು. ಒಂದು ಫೋನು ಮಾಡಬೇಕಿತ್ತು. ಸಾವಿಗೆ ಹೋಗಬಹುದೋ ಇಲ್ಲವೋ ಎನ್ನುವುದು ಫೋನಿನಲ್ಲಿ ಕೇಳುವ ವಿಷಯವೆಂದು ನನಗೆ ಹೊಳೆಯಲೇ ಇಲ್ಲ.

ಮಾರನೇ ದಿನ ಮ್ಯಾನೇಜರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, "ನಿಮ್ಮನ್ನು ಬಿಟ್ಟವರು ಯಾರು?" ಎಂದು ಕೇಳಿದರು. ನಾನು ಅಲ್ಲೇ, ಅವರ ಪಕ್ಕದಲ್ಲೇ ಇದ್ದೆ. ರಾಮಮ್ಮ ನನ್ನ ಕಡೆ ತಿರುಗಿಯೂ ನೋಡದೆ "ನಾವೇ ಓಗಿದ್ದು ಸಾ" ಅಂದಳು. ಉಳಿದವರೂ ಹೂಂ ಅಂದರು. ನಾನು ಬಾಯಿ ಬಿಡಲಿಲ್ಲ.

ಇನ್ನೊಂದು ವಿಷಯವಿದೆ. ಇದನ್ನು ನಾನು ಹೇಳಿದೆನೆಂದು ಎಲ್ಲಿಯೂ ಹೇಳಬೇಡಿ. ನೂಲು ಬಿಚ್ಚುವ ಆಟೋಮ್ಯಾಟಿಕ್ ಮಿಷನ್ನು ಬರುತ್ತಿದೆ. ಅದಕ್ಕೆ ಹತ್ತು ಜನ ಸಾಕು. ಕೆಲಸ ಇಲ್ಲವೆಂದು ತೆಗೆದರೆ ಇಷ್ಟು ವರ್ಷದ ಸೇವೆಗೆ ಪರಿಹಾರ ಕೊಡಬೇಕಾಗುತ್ತದೆ. ತಪ್ಪು ಮಾಡಿದರೆಂದು ತೆಗೆದರೆ ಕೊಡಬೇಕಾಗಿಲ್ಲ. ಬಸಮ್ಮ ಅವರಿಗೆ ಸರಿಯಾದ ಹೊತ್ತಿಗೆ ಸತ್ತಳು.

ಪೇಪರಿಗೆ ಬರೆಯಬೇಡಿ ಅಪ್ಪಾಜಿ. ಗ್ರಾನೈಟ್ ಕಾರ್ಖಾನೆಯಲ್ಲಿ ವೈರಿಂಗ್ ಮಾಡುವಾಗ ಏಣಿಯಿಂದ ಬಿದ್ದ ಪರಮೇಶರ ಸೊಂಟಕ್ಕೆ ಹಾಕಿದ್ದ ಪ್ಲೇಟು ಸಡಿಲವಾಗಿದೆ. ಆ ಕಾರ್ಖಾನೆಯೇ ಮುಚ್ಚಿಹೋದ ಮೇಲೆ ಅವರಿಗೆ ಕೆಲಸವೂ ಇಲ್ಲ, ಕೇಳುವವರೂ ಇಲ್ಲ. ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಎರಡನೇ ಆಪರೇಷನ್. ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ಕಾರ್ಡು ನನ್ನ ಕೆಲಸದ ಮೇಲೆ ಇರುವುದು. ನನ್ನ ಕೆಲಸ ಹೋದರೆ ಆಪರೇಷನ್ನೂ ಹೋಗುತ್ತದೆ. ನಿಮ್ಮ ಮೊಮ್ಮಗಳು ಕೋಮಲ ಎರಡನೇ ಪಿಯುಸಿಯಲ್ಲಿದ್ದಾಳೆ. ಇದನ್ನೆಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮಗಳು,
ಶೃತಿ


ಯಳಂದೂರು
೧೮ ಆಗಸ್ಟ್ ೨೦೨೪

ಚಿ. ಶೃತಿಗೆ,

ನಿನ್ನ ಕಾಗದ ಬಂದ ಮೇಲೆ ಲೈಬ್ರರಿಯಿಂದ ಕಾರ್ಮಿಕ ಕಾನೂನಿನ ಪುಸ್ತಕ ತಂದು ಓದಿದೆ. ಅಪ್ಪಣೆ ಪಡೆದು ಹೋದವರನ್ನು ಮುಷ್ಕರ ಹೂಡಿದವರು ಎನ್ನಲು ಬರುವುದಿಲ್ಲ. ನೀನು ಅಂದ ಒಂದೇ ಮಾತು ಸಾಕು, ಆ ನೋಟಿಸು ನಿಲ್ಲುವುದಿಲ್ಲ. ನಿಮ್ಮಮ್ಮ, "ಮೂವತ್ತು ವರ್ಷದಿಂದ ಪೇಪರಿಗೆ ಬರೀತಾನೇ ಇದೀರಿ. ಒಂದು ಚರಂಡಿ ಸರಿ ಹೋಗಿದ್ದು ನಾ ಕಾಣೆ. ಈಗ ಮಗಳ ಬಾಳು ಸರಿ ಮಾಡೋಕೆ ಹೊರಟ್ರಾ?" ಅನ್ನುತ್ತಿದ್ದಾಳೆ.

ಹೋದ ಭಾನುವಾರ ಮಾಂಬಳ್ಳಿಗೆ ಹೋಗಿದ್ದೆ. ರಾಮಮ್ಮನ ಮನೆ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಬೆಳಿಗ್ಗೆ ಅವರೆಲ್ಲ ಹಿಡಿಯುತ್ತಿದ್ದ ಕೊಳ್ಳೇಗಾಲದ ಬಸ್ಸು ಈಗ ಖಾಲಿ ಹೋಗುತ್ತದಂತೆ. ಕಂಡಕ್ಟರನೇ, "ಏನ್ರವ್ವಾ, ಟಿಕೆಟ್ ಪುಕ್ಸಟ್ಟೆ ಆದ್ಮೇಲೆ ಕೆಲ್ಸ ಬುಟ್ರಾ" ಎಂದು ಕೇಳಿದನಂತೆ. ಒಬ್ಬಳು, "ಮುಸ್ಕರ ಮಾಡಕ್ ಬರ್ತಿದ್ರೆ ಬಸಮ್ಮ ಬದುಕಿದ್ದಾಗ್ಲೇ ಮಾಡಿ ಸಂಬ್ಳ ಏರಿಸ್ಕತಿದ್ವಲ್ಲ ಸಾ" ಅಂದಳು. ಎಲ್ಲರೂ ನಕ್ಕರು.

ನಿನ್ನ ಹೆಸರನ್ನು ಯಾಕೆ ಹೇಳಲಿಲ್ಲ ಎಂದು ರಾಮಮ್ಮನನ್ನು ಬೇರೆಯಾಗಿ ಕರೆದು ಕೇಳಿದೆ. "ಅವ್ಳ ಎಸ್ರು ಏಳುದ್ರೆ ನಮ್ ಕೆಲ್ಸ ವಾಪಸ್ ಬತ್ತದಾ? ಅವ್ಳದೂ ಓಯ್ತದೆ. ಒಬ್ಳಾರ ಒಳಗಿರ್ಲಿ ಬುಡಿ ಸಾ" ಅಂದಳು.

ವಾಪಸ್ ಬರುತ್ತದೆ ಎಂದು ನನಗೆ ಗೊತ್ತಿತ್ತು. ಪುಸ್ತಕ ನನ್ನ ಚೀಲದಲ್ಲೇ ಇತ್ತು. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಸರಿ ಎಂದು ತಿಳಿದದ್ದನ್ನು ಹೇಳದೆ ಒಂದು ಮನೆಯಿಂದ ಎದ್ದು ಬಂದದ್ದು ನನ್ನ ಬದುಕಿನಲ್ಲಿ ಇದೇ ಮೊದಲು.

ಪರಮೇಶನ ಆಪರೇಷನ್ ಆಗುವವರೆಗೆ ನಾನು ಬರೆಯುವುದಿಲ್ಲ. ಆಮೇಲೆ ನೀನು ಮಾತಾಡಬೇಕು.

ಮಲ್ಲಿಕಾರ್ಜುನಸ್ವಾಮಿ


ಕೊಳ್ಳೇಗಾಲ
೨೨ ಸೆಪ್ಟೆಂಬರ್ ೨೦೨೪

ಅಪ್ಪಾಜಿಯವರಿಗೆ ನಮಸ್ಕಾರ.

ಆಪರೇಷನ್ ಮುಂದಕ್ಕೆ ಹೋಗಿದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆ, ಇಳಿದ ಮೇಲೆ ಬನ್ನಿ ಅಂದರು. ಮುಂದಿನ ತಾರೀಕು ಕೊಟ್ಟಿಲ್ಲ.

ಮಿಷನ್ನು ಬಂತು. ಎರಡು ಲಾರಿಯಲ್ಲಿ ಬಂತು. ಇಳಿಸಲು ಜಾಗ ಸಾಲದೆ ಹೆಂಗಸರು ಕೂರುತ್ತಿದ್ದ ಸಾಲನ್ನು ಒಡೆದರು. ಮೊದಲೆಲ್ಲ ಹಬೆಯಲ್ಲಿ ಅವರ ಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಈಗ ಎಲ್ಲ ನಿಚ್ಚಳವಾಗಿ ಕಾಣುತ್ತದೆ, ಮಾತಿಲ್ಲ.

ಹೆಂಗಸರ ದೂರಿನ ಮೇಲೆ ಅಕ್ಟೋಬರ್ ನಾಲ್ಕಕ್ಕೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ಕಂಪನಿಯ ಕಡೆಯಿಂದ ನಾನೂ ಬರಬೇಕಂತೆ. "ನೀವು ಪರ್ಮಿಷನ್ ಕೊಟ್ಟಿರಲಿಲ್ಲ, ಅಲ್ವಾ?" ಎಂದು ಮ್ಯಾನೇಜರ್ ಕೇಳಿದರು. ಕೇಳಿದ ರೀತಿ ನೋಡಿದರೆ ಅವರಿಗೆ ಮೊದಲಿನಿಂದಲೂ ಗೊತ್ತಿದೆ.

ನೀವು ವಿಚಾರಣೆಗೆ ಬರಬೇಡಿ. ಇದೊಂದನ್ನು ಕೇಳಿಕೊಳ್ಳುತ್ತೇನೆ.

ಶೃತಿ


ಯಳಂದೂರು
೪ ಅಕ್ಟೋಬರ್ ೨೦೨೪, ಸಂಜೆ

ಶೃತಿ,

ನಾನು ಬಂದಿದ್ದೆ. ಹಿಂದಿನ ಬೆಂಚಿನಲ್ಲಿದ್ದೆ. ಒಳಗೆ ಬರುವಾಗಲೇ ನೀನು ನನ್ನನ್ನು ನೋಡಿದೆ.

ನೀವು ಅಪ್ಪಣೆ ಕೊಟ್ಟಿದ್ದಿರಾ ಎಂದು ಅಧಿಕಾರಿ ನಿನ್ನನ್ನು ಎರಡು ಸಲ ಕೇಳಿದರು. ಎರಡು ಸಲವೂ "ನನಗೆ ನೆನಪಿಲ್ಲ" ಅಂದೆ. ಇಲ್ಲ ಎಂದಿದ್ದರೆ ಅದೊಂದು ಸುಳ್ಳಾಗುತ್ತಿತ್ತು. ನೀನು ಅದನ್ನೂ ಹೇಳಲಾರದೆ ಹೋದೆ. ಮೂವತ್ತೆಂಟು ಹೆಂಗಸರು ನೆಲ ನೋಡುತ್ತಾ ಕೂತಿದ್ದರು. ಯಾರೂ ನಿನ್ನತ್ತ ಬೆರಳು ತೋರಿಸಲಿಲ್ಲ.

ಇವತ್ತು ಇದಕ್ಕಿಂತ ಹೆಚ್ಚು ಬರೆಯಲಾರೆ.

ಮಲ್ಲಿಕಾರ್ಜುನಸ್ವಾಮಿ


ಕೊಳ್ಳೇಗಾಲ
೧೩ ಅಕ್ಟೋಬರ್ ೨೦೨೪

ಅಪ್ಪಾಜಿ,

ಐದಾರು ದಿನದಿಂದ ನಿಮ್ಮ ಕಾಗದವನ್ನು ಓದುತ್ತಿದ್ದೇನೆ. ಈಗ ನಾನು ಹೇಳುವುದನ್ನೂ ಓದಿ.

ನೀವು ಮೂವತ್ತು ವರ್ಷ ಸರ್ಕಾರದ ಮೇಷ್ಟ್ರಾಗಿ, ಸರ್ಕಾರವನ್ನು ಬೈದು ಪೇಪರಿಗೆ ಬರೆದಿರಿ. ತಿಂಗಳು ಮುಗಿದರೆ ಸಂಬಳ ಬಂತು. ಈಗಲೂ ಬೈಯುತ್ತೀರಿ, ಒಂದನೇ ತಾರೀಕು ಪಿಂಚಣಿ ಬರುತ್ತದೆ. ನಿಮ್ಮ ನ್ಯಾಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಪಿಂಚಣಿ ಇದೆ, ನನ್ನದಕ್ಕೆ ಇಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ನನಗೆ ನಲವತ್ತೊಂದು. ಈ ಕೆಲಸ ಹೋದರೆ ಕೊಳ್ಳೇಗಾಲದಲ್ಲಿ ನನಗೆ ಸೀರೆ ಅಂಗಡಿಯಲ್ಲಿ ನಿಲ್ಲುವ ಕೆಲಸ ಸಿಗಬಹುದು. ಅಲ್ಲಿ ಇಎಸ್‌ಐ ಇಲ್ಲ, ಪಿಎಫ್ ಇಲ್ಲ, ಕೂರಲು ಸ್ಟೂಲೂ ಇಲ್ಲ.

ಪರಮೇಶರು ರಾತ್ರಿ ಮಗ್ಗುಲು ಬದಲಿಸಲು ನನ್ನ ಕೈ ಹಿಡಿಯಬೇಕು. ಬಾತ್‌ರೂಮಿಗೆ ಹೋಗುವಾಗ ಕೋಮಲಳ ಎದುರು ನಾಚಿಕೊಳ್ಳುತ್ತಾರೆ. ಪ್ರತಿ ದಿನ ಬೆಳಿಗ್ಗೆ ಗೇಟು ದಾಟುವಾಗ, ಇವತ್ತು ಒಳಗೆ ಬಿಡುತ್ತಾರೆಯೇ ಎಂದು ಕಾವಲಿನವನ ಮುಖ ನೋಡುತ್ತೇನೆ. ಆ ಭಯ ನಿಮಗೆ ಗೊತ್ತಿಲ್ಲ. ಗೊತ್ತಾಗದಿರಲಿ.

ವಿಚಾರಣೆ ಮುಗಿದ ಮೇಲೆ ನೀವು ಹೊರಟುಹೋದಿರಿ. ರಾಮಮ್ಮ ನನಗಾಗಿ ಮೆಟ್ಟಿಲ ಹತ್ತಿರ ಕಾದಿದ್ದಳು. ಬೈಯುತ್ತಾಳೆ ಅಂದುಕೊಂಡೆ. "ಬುಡವ್ವ, ಗಂಡನ ಸೊಂಟ ಸರಿ ಓಗ್ಲಿ ಮೊದ್ಲು" ಎಂದು ನನ್ನ ಬೆನ್ನು ಸವರಿದಳು. ನಿಮ್ಮ ಕಾಗದಕ್ಕಿಂತ ಅದು ನನಗೆ ಕಷ್ಟವಾಯಿತು.

ಶೃತಿ


ಯಳಂದೂರು
೨೪ ನವೆಂಬರ್ ೨೦೨೪

ಚಿ. ಶೃತಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಮೂರು ಸಲ ಎದ್ದೆ. ಪಿಂಚಣಿಯ ಮಾತು ನಿಜ. ನಿಮ್ಮಮ್ಮನಿಗೆ ಓದಿ ಹೇಳಿದೆ. "ಇನ್ನೊಂದು ಸಲ ಓದಿ" ಅಂದಳು.

ಈಗ ಮಾಂಬಳ್ಳಿಯಲ್ಲಿ ನಡೆಯುತ್ತಿರುವುದನ್ನು ತಿಳಿಸುತ್ತೇನೆ. ಕಂಪನಿಯ ಕಡೆಯವನೊಬ್ಬ ಸಂಜೆ ಹೊತ್ತು ಮನೆಮನೆಗೆ ಬರುತ್ತಿದ್ದಾನೆ. ದೂರು ವಾಪಸ್ ತೆಗೆದುಕೊಂಡು ಸಹಿ ಹಾಕಿದರೆ ಅಷ್ಟಿಷ್ಟು ಕೊಡುತ್ತಾರಂತೆ, ಹಾಕದಿದ್ದರೆ ಕೋರ್ಟಿನಲ್ಲಿ ಹತ್ತು ವರ್ಷವಂತೆ. ದೀಪಾವಳಿಗೆ ಮೊದಲು ಐದಾರು ಜನ ಹಾಕಿದರು. ಆಮೇಲೆ ಒಂದೊಂದು ಬೀದಿಯೂ ಹಾಕುತ್ತಾ ಬಂತು. ನಾನು ಅವರನ್ನು ತಡೆಯಲು ಹೋಗಲಿಲ್ಲ. ಏನೆಂದು ತಡೆಯಲಿ? ಒಬ್ಬಳು ಇದ್ದಾಳೆ, ನಿಜ ಹೇಳುತ್ತಾಳೆ, ಸ್ವಲ್ಪ ತಡೆಯಿರಿ ಎಂದು ಹೇಳಬೇಕಿತ್ತು. ಯಾವತ್ತು ಹೇಳುತ್ತಾಳೆ ಎಂದು ಕೇಳಿದರೆ?

ರಾಮಮ್ಮ ಸಹಿ ಹಾಕಿಲ್ಲ. ಟೆಂಪೋದಲ್ಲಿ ಬಂಡಳ್ಳಿ ಕಡೆಗೆ ರಾಗಿ ಕುಯ್ಲಿಗೆ ಹೋಗುತ್ತಿದ್ದಾಳೆ. ಇಷ್ಟು ವರ್ಷ ಬಿಸಿನೀರಿನಲ್ಲಿ ಬೆಂದು ಮೆತ್ತಗಾದ ಬೆರಳು ಕುಡುಗೋಲಿಗೆ ಒಗ್ಗುವುದಿಲ್ಲ, ಮೊದಲ ದಿನವೇ ಬೊಬ್ಬೆ ಬಂದು ಒಡೆದಿದೆ. ಬಟ್ಟೆ ಸುತ್ತಿಕೊಂಡು ಹೋಗುತ್ತಾಳೆ. "ಬಸಮ್ಮ ಸತ್ತು ಬದುಕುದ್ಲು ಸಾ" ಎಂದು ನಗುತ್ತಾಳೆ.

ಡಿಸೆಂಬರ್ ಹತ್ತೊಂಬತ್ತಕ್ಕೆ ಮತ್ತೆ ವಿಚಾರಣೆ ಇದೆ ಎಂದು ಅವಳಿಗೆ ಕಾಗದ ಬಂದಿದೆ. ನಿನಗೆ ಏನು ಮಾಡೆಂದು ನಾನು ಈ ಸಲ ಹೇಳುವುದಿಲ್ಲ.

ಅಪ್ಪಾಜಿ


ಕೊಳ್ಳೇಗಾಲ
೨೨ ಡಿಸೆಂಬರ್ ೨೦೨೪

ಅಪ್ಪಾಜಿಯವರಿಗೆ ನಮಸ್ಕಾರಗಳು.

ಈ ತಿಂಗಳು ಮೂರಕ್ಕೆ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ನಮ್ಮ ಜೊತೆಗಿದ್ದ ಅಮ್ಮ ಊರಿಗೆ ಬಂದು ಅಲ್ಲಿಯದನ್ನು ಹೇಳಿರುತ್ತಾಳೆ, ಆಮೇಲಿನದನ್ನು ಬರೆಯುತ್ತಿದ್ದೇನೆ. ಪರಮೇಶರು ವಾಕರ್ ಹಿಡಿದು ಬಾಗಿಲವರೆಗೆ ನಡೆಯುತ್ತಾರೆ. ಹದಿನೆಂಟರ ಸಂಜೆ ಅವರಿಗೆ ಹೇಳಿದೆ, ನಾಳೆ ನಾನು ಮಾತಾಡುತ್ತೇನೆ ಎಂದು. "ಇನ್ಮೇಲೆ ನಾನು ಏಣಿ ಹತ್ತೋಕಾಗಲ್ಲ. ವೈರಿಂಗ್ ಕೆಲ್ಸ ಬಂದ್ರೆ ನೀನು ಹತ್ತು, ನಾನು ಕೆಳಗೆ ನಿಂತು ಬಯ್ತೀನಿ" ಅಂದರು. ಒಪ್ಪಿಗೆ ಅಂದುಕೊಂಡೆ.

ಹತ್ತೊಂಬತ್ತರಂದು ಅಧಿಕಾರಿಯ ಮುಂದೆ ಎದ್ದು ನಿಂತು ಹೇಳಿದೆ. ರಾಮಮ್ಮ ಬಂದು ಹೇಳಿದಳು, ಹೋಗಿ ಬನ್ನಿ ಎಂದು ನಾನೇ ಕಳಿಸಿದೆ, ಹಿಂದಿನ ಸಲ ಕೆಲಸ ಹೋಗುವ ಹೆದರಿಕೆಯಿಂದ ನೆನಪಿಲ್ಲ ಅಂದೆ. ಮ್ಯಾನೇಜರ್, "ಅಕ್ಟೋಬರಲ್ಲಿ ಇಲ್ಲದ ನೆನಪು ಗಂಡನ ಆಪರೇಷನ್ ಮುಗಿದ ಮೇಲೆ ಬಂತಾ?" ಎಂದು ಕೇಳಿದರು. ಹೌದು ಅಂದೆ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ, ಉಳಿದ ಮೂವತ್ತೇಳು ಜನ ದೂರು ವಾಪಸ್ ತೆಗೆದುಕೊಂಡು ಸಹಿ ಹಾಕಿರುವುದರಿಂದ ಅವರ ವಿಷಯ ಮುಗಿದಿದೆ, ಉಳಿದಿರುವುದು ರಾಮಮ್ಮನದೊಂದೇ, ಅದು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು ಅಂದರು.

ಮೂವತ್ತೇಳು ಜನವೂ ಹಾಕಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಕೊನೆಯ ನಾಲ್ವರು ಹಿಂದಿನ ಸೋಮವಾರ ಹಾಕಿದರಂತೆ.

ರಾಮಮ್ಮನ ಜೊತೆ ಬಸ್ ಸ್ಟ್ಯಾಂಡಿಗೆ ಬಂದು ಕಟ್ಟೆಯ ಮೇಲೆ ಕೂತೆ. ಅವಳು ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. "ಅವತ್ತೇ ಏಳಿದ್ರೆ ಯಾರೂ ಸೈನ್ ಆಕ್ತಿರ್ನಿಲ್ಲ ಕಣವ್ವ" ಅಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ನಾನು, "ಬಿಡು ಅಂತ ನೀನೇ ಅಂದಿದ್ದೆಯಲ್ಲ ರಾಮಮ್ಮ" ಅಂದೆ. "ಅಂದಿದ್ದೆ. ಮತ್ತೇನ್ ಅನ್ಲಿ ನಿನ್ ಮಕ ನೋಡ್ಕಂಡು" ಅಂದಳು. ಬಸ್ಸು ಬಂತು. ಹತ್ತಿ ಹೋದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಮಾರನೇ ದಿನ ಗೇಟಿನ ಮಾದೇಶ ನನ್ನನ್ನು ತಡೆದು, "ಮೇಡಂ, ಒಳಗೆ ಬುಡ್ಬೇಡ ಅಂದವ್ರೆ. ನನ್ನ ತಪ್ಪು ತಿಳ್ಕಬೇಡಿ" ಅಂದ. ನಾನು ತಪ್ಪು ತಿಳಿಯಲಿಲ್ಲ. ಅವನಿಗೂ ಮನೆ ಇದೆ.

ಇನ್ನು ನೀವು ಪೇಪರಿಗೆ ಬರೆಯಬಹುದು. ನನ್ನ ಹೆಸರನ್ನೂ ಹಾಕಿ. ಹೊಲಿಗೆ ಹಾಕಿದ ಗಾಯ ತೊಳೆಯಲು ಮುಂದಿನ ವಾರ ಮೈಸೂರಿಗೆ ಹೋಗಬೇಕು. ಕಾರ್ಡು ಇನ್ನೆಷ್ಟು ದಿನ ನಡೆಯುತ್ತದೋ ಕೇಳಬೇಕು.

ಶೃತಿ


ಯಳಂದೂರು
೨೬ ಡಿಸೆಂಬರ್ ೨೦೨೪

ಮಗಳೇ,

ನಾನು ಬರೆದರೆ ಅದು ಪಿಂಚಣಿ ತೆಗೆದುಕೊಳ್ಳುವವನ ಇನ್ನೊಂದು ಕಾಗದ. ನೀನೇ ಬರಿ. ರಾಮಮ್ಮ ಒಪ್ಪಿದರೆ ಅವಳ ಸಹಿಯನ್ನೂ ತೆಗೆದುಕೋ. ಕೆಳಗೆ ನಾನೂ ಹಾಕುತ್ತೇನೆ. ಪೇಪರಿನವರಿಗೆ ನಾನೇ ಕೈಯಾರೆ ಕೊಟ್ಟು ಬರುತ್ತೇನೆ.

ಮೈಸೂರಿಗೆ ನಿನ್ನ ಜೊತೆ ಅಮ್ಮ ಬರುತ್ತಾಳೆ.

ಅಪ್ಪಾಜಿ


ಕೊಳ್ಳೇಗಾಲ
೬ ಜನವರಿ ೨೦೨೫

ರೇಷ್ಮೆ ನೂಲಿನ ಕಾರ್ಖಾನೆಯ ಆಡಳಿತ ವರ್ಗದವರಿಗೆ ಬಹಿರಂಗ ಪತ್ರ

ಕಳೆದ ಜುಲೈ ಹದಿನೈದರಂದು ನೀವು ಮೂವತ್ತೆಂಟು ಹೆಂಗಸರನ್ನು ಕೆಲಸದಿಂದ ತೆಗೆದಿರಿ. ಅವರು ಮುಷ್ಕರ ಹೂಡಿರಲಿಲ್ಲ. ಜೊತೆ ಕೆಲಸದವಳ ಮಣ್ಣಿಗೆ ಹೋಗಿದ್ದರು. ಟೈಮ್ ಆಫೀಸಿನಲ್ಲಿದ್ದ ನನಗೆ ಹೇಳಿ, ನಾನು ಕಳಿಸಿದ ಮೇಲೆ ಹೋಗಿದ್ದರು. ಒಲೆಯ ಮೇಲಿದ್ದ ಗೂಡನ್ನು ಬಿಚ್ಚಿ ಮುಗಿಸಿ ಹೋಗಿದ್ದರು. ಒಂದು ಗೂಡೂ ಹಾಳಾಗಲಿಲ್ಲ.

ಇದನ್ನು ನಾನು ಜುಲೈ ತಿಂಗಳಲ್ಲೇ ಹೇಳಬೇಕಿತ್ತು. ಹೇಳಿದ್ದು ಡಿಸೆಂಬರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಮೂವತ್ತೇಳು ಜನ ಗತಿಯಿಲ್ಲದೆ ನಿಮ್ಮ ಕಾಗದಕ್ಕೆ ಸಹಿ ಹಾಕಿದರು. ಅದರಲ್ಲಿ ನನ್ನ ಪಾಲೂ ಇದೆ. ಅದಕ್ಕೆ ನಾನು ಮಾಂಬಳ್ಳಿಯ ಒಂದೊಂದು ಮನೆಗೂ ಉತ್ತರ ಹೇಳುತ್ತಿದ್ದೇನೆ. ಕೆಲವು ಮನೆಗಳಲ್ಲಿ ನೀರು ಕೊಟ್ಟರು, ಕೆಲವು ಮನೆಗಳಲ್ಲಿ ಬಾಗಿಲು ತೆಗೆಯಲಿಲ್ಲ.

ಈಗ ನಿಮ್ಮನ್ನು ಕೇಳುತ್ತೇವೆ. ಅವರನ್ನು ತೆಗೆದದ್ದು ಸಾವಿಗೆ ಹೋದದ್ದಕ್ಕೋ, ಮಿಷನ್ನು ಬರುವುದಿತ್ತೆಂದೋ? ಸಾವಿಗೆ ಹೋದದ್ದಕ್ಕಾದರೆ, ಅದು ಅಪರಾಧವಾದದ್ದು ಯಾವ ದಿನದಿಂದ, ಅದನ್ನು ಅವರಿಗೆ ಮೊದಲೇ ತಿಳಿಸಿದವರು ಯಾರು? ಮಿಷನ್ನಿಗಾಗಿ ಎಂದಾದರೆ ಹಾಗೆಯೇ ಒಪ್ಪಿಕೊಳ್ಳಿ. ಕೆಲಸ ಇಲ್ಲವಾದ್ದರಿಂದ ತೆಗೆದವರಿಗೆ ಕಾನೂನು ಕೊಡುವುದನ್ನು, ಸಹಿ ಹಾಕಿದವರೂ ಸೇರಿದಂತೆ ಎಲ್ಲರಿಗೂ ಕೊಡಿ.

ವಕೀಲರ ಕೈಯಲ್ಲಿ ಉತ್ತರ ಕಳಿಸಬೇಡಿ. ಈ ತಿಂಗಳ ಇಪ್ಪತ್ತಾರರಂದು ನೀವು ಕಾರ್ಖಾನೆಯ ಅಂಗಳದಲ್ಲಿ ಬಾವುಟ ಹಾರಿಸುತ್ತೀರಿ. ಮೈಕು ಇರುತ್ತದೆ, ಊರಿನ ದೊಡ್ಡವರು ಬಂದಿರುತ್ತಾರೆ. ನಾವು ಗೇಟಿನ ಹೊರಗೆ ರಸ್ತೆಯ ಮೇಲೆ ನಿಂತಿರುತ್ತೇವೆ. ನಿಮ್ಮ ಭಾಷಣಕ್ಕೆ ಮೊದಲು, ನಮಗೆಲ್ಲ ಕೇಳುವಂತೆ, ಈ ಪ್ರಶ್ನೆಗೆ ಅದೇ ಮೈಕಿನಲ್ಲಿ ಉತ್ತರ ಹೇಳಿ.

ಶೃತಿ, ಟೈಮ್ ಆಫೀಸಿನಲ್ಲಿದ್ದವಳು
ರಾಮಮ್ಮ, ನೂಲು ಬಿಚ್ಚುತ್ತಿದ್ದವಳು, ಮಾಂಬಳ್ಳಿ
ಮಲ್ಲಿಕಾರ್ಜುನಸ್ವಾಮಿ, ನಿವೃತ್ತ ಶಿಕ್ಷಕ, ಯಳಂದೂರು